ಕಿರೀಟವೂ ಪ್ರಸ್ತಾವನೆಯೂ: ಅಂತರ್ಜಾಲದ ವಿಡಿಯೊದಿಂದ ಬಂದ ಇಬ್ಬರು ನಟಿಯರು

ಕಲಾವಿದರ ಕೀರ್ತಿ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವುದು ಹೊಸ ಸಂಗತಿಯಲ್ಲ. ಕಂಪನಿ ನಾಟಕದಿಂದ ವಾಕ್ಚಿತ್ರಕ್ಕೆ, ಹವ್ಯಾಸಿ ರಂಗಭೂಮಿಯಿಂದ ದೂರದರ್ಶನಕ್ಕೆ ನಡೆದ ಇಂಥ ಪಯಣಗಳನ್ನು ಕನ್ನಡದ ರಂಗಚರಿತ್ರೆ ಸಾಕಷ್ಟು ದಾಖಲಿಸಿದೆ. ಆದರೆ 2005ರಲ್ಲಿ ಯೂಟ್ಯೂಬ್ ಆರಂಭವಾದ ಬಳಿಕ ಅಂತರ್ಜಾಲದ ವಿಡಿಯೊಗಳ ಮೂಲಕ ಪ್ರಸಿದ್ಧಿಗೆ ಬಂದ ನಟಿಯರ ವಿಷಯದಲ್ಲಿ ಹಿಂದಿನ ದಾಟುವಿಕೆಗಳಲ್ಲಿ ಕಾಣದ ಒಂದು ತೊಡಕು ಎದುರಾಗುತ್ತದೆ. ರಂಗದ ಮುಂದೆ ಅಥವಾ ಬೆಳ್ಳಿತೆರೆಯ ಮುಂದೆ ಕುಳಿತ ಪ್ರೇಕ್ಷಕನು ತಾನು ನೋಡುತ್ತಿರುವುದು ಅಭಿನಯವೆಂಬುದನ್ನು ತಿಳಿದೇ ಕುಳಿತಿರುತ್ತಾನೆ. ವಿಡಿಯೊ ತಾಣದ ನೋಡುಗನಿಗೆ, ವಿಶೇಷವಾಗಿ ಅದರ ಮೊದಲ ವರ್ಷಗಳಲ್ಲಿ, ಈ ತಿಳಿವು ಇರಲಿಲ್ಲ. 'ನಿನ್ನನ್ನು ನೀನೇ ಪ್ರಸಾರ ಮಾಡು' ಎಂಬ ಅರ್ಥದ ಘೋಷವಾಕ್ಯವನ್ನೇ ಹೊತ್ತಿದ್ದ ತಾಣದಲ್ಲಿ ಮಾತನಾಡುವವಳು 'ತಾನೇ' ಆಗಿರುತ್ತಾಳೆ ಎಂಬುದು ಸಹಜವಾದ ಗ್ರಹಿಕೆಯಾಗಿತ್ತು. ಹೀಗಿರುವಾಗ ಅಲ್ಲಿ ಗಳಿಸಿದ ಕೀರ್ತಿ ಯಾರ ಹೆಸರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ ಏಳುತ್ತದೆ. ನಟಿಯೊಬ್ಬಳು ಆ ಕೀರ್ತಿಯಿಂದ ವೃತ್ತಿಯನ್ನು ಕಟ್ಟಿಕೊಳ್ಳಬಲ್ಲಳೇ ಇಲ್ಲವೇ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಪ್ರಸ್ತುತ ಲೇಖನವು ಅಮೆರಿಕದ ಇಬ್ಬರು ನಟಿಯರನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸುತ್ತದೆ.

2006ರ ಜೂನ್ ತಿಂಗಳಲ್ಲಿ ಯೂಟ್ಯೂಬಿನಲ್ಲಿ 'ಲೋನ್ಲಿಗರ್ಲ್15' ಎಂಬ ಹೆಸರಿನಡಿ ಚಿಕ್ಕ ಚಿಕ್ಕ ವಿಡಿಯೊಗಳು ಕಾಣಿಸಿಕೊಳ್ಳತೊಡಗಿದವು. ಅವುಗಳಲ್ಲಿ ಮಾತನಾಡುತ್ತಿದ್ದವಳು ಬ್ರೀ ಎಂಬ ಹದಿನಾರರ ಹುಡುಗಿ. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವವಳು. ಕಟ್ಟುನಿಟ್ಟಿನ ಧಾರ್ಮಿಕ ನಂಬಿಕೆಯ ತಂದೆತಾಯಿಗಳ ಮಗಳು. ಮಲಗುವ ಕೋಣೆಯಲ್ಲಿ ಕುಳಿತು, ಕೈಯಲ್ಲೊಂದು ಕೋತಿಯ ಬೊಂಬೆ ಹಿಡಿದು, ಬೇಸರವನ್ನೂ ಗೆಳೆಯ ಡೇನಿಯಲ್ಲನ ತುಂಟತನವನ್ನೂ ಹೇಳಿಕೊಳ್ಳುತ್ತಿದ್ದಳು. ನೋಡುಗರು ಅವಳಿಗೆ ಪತ್ರ ಬರೆದರು, ಸಮಾಧಾನ ಹೇಳಿದರು, ಬುದ್ಧಿಮಾತು ಹೇಳಿದರು. ಅವಳ ಹೆಸರಿನಲ್ಲಿ ಉತ್ತರಗಳೂ ಹೋದವು. ಕೆಲವೇ ವಾರಗಳಲ್ಲಿ ಅದು ಯೂಟ್ಯೂಬಿನಲ್ಲಿ ಬಹಳ ಜನ ಹಿಂಬಾಲಿಸುವ ಪುಟಗಳಲ್ಲಿ ಒಂದಾಯಿತು.

ಬ್ರೀ ಎಂಬ ಹುಡುಗಿ ಇರಲಿಲ್ಲ. ಚಿತ್ರಕಥೆ ಬರೆಯುವ ಮೆಶ್ ಫ್ಲಿಂಡರ್ಸ್, ವೈದ್ಯ ವೃತ್ತಿಯ ತರಬೇತಿಯನ್ನು ಬಿಟ್ಟು ಬಂದಿದ್ದ ಮೈಲ್ಸ್ ಬೆಕೆಟ್, ವಕೀಲ ಗ್ರೆಗ್ ಗುಡ್‌ಫ್ರೀಡ್ ಮುಂತಾದವರು ಸೇರಿ ಕಟ್ಟಿದ ಪಾತ್ರ ಅದು. ಕೋಣೆ ಫ್ಲಿಂಡರ್ಸ್ ಅವರದು. ಬೆಳಕು ಮೇಜಿನ ದೀಪದ್ದು. ಕ್ಯಾಮೆರಾ ಒಂದು ಸಾಧಾರಣ ವೆಬ್‌ಕ್ಯಾಮ್. ಬ್ರೀ ಆಗಿ ಅಭಿನಯಿಸುತ್ತಿದ್ದವರು ಜೆಸ್ಸಿಕಾ ರೋಸ್. ಆಗ ಅವರ ವಯಸ್ಸು 19. ಅಮೆರಿಕದಲ್ಲಿ ಹುಟ್ಟಿ, ನ್ಯೂಜಿಲೆಂಡಿನಲ್ಲಿ ಬೆಳೆದು, ಲಾಸ್ ಏಂಜಲೀಸಿಗೆ ಬಂದು ಅಭಿನಯವನ್ನು ಕಲಿತಿದ್ದವರು. 2006ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಪ್ರತಿಭಾವಂತರ ವ್ಯವಹಾರ ನೋಡಿಕೊಳ್ಳುವ ಹಾಲಿವುಡ್ಡಿನ ದೊಡ್ಡ ಏಜೆನ್ಸಿಯೊಂದರ ಜಾಡನ್ನು ಕೆಲವು ಕುತೂಹಲಿ ನೋಡುಗರು ಪತ್ತೆಹಚ್ಚಿದ್ದನ್ನು 'ಲಾಸ್ ಏಂಜಲೀಸ್ ಟೈಮ್ಸ್' ವರದಿ ಮಾಡಿತು. ಅದರ ಬೆನ್ನಿಗೇ, ಅಳಿಸಿಹೋಗಿದ್ದ ಒಂದು ಮೈಸ್ಪೇಸ್ ಪುಟದ ಉಳಿಕೆಯಲ್ಲಿ ನಟಿಯ ಹಳೆಯ ಭಾವಚಿತ್ರಗಳು ಸಿಕ್ಕವು. 'ನ್ಯೂಯಾರ್ಕ್ ಟೈಮ್ಸ್' ಹೆಸರು ಸಮೇತ ಸುದ್ದಿಯನ್ನು ಪ್ರಕಟಿಸಿತು.

ಈ ಘಟನೆಯನ್ನು ಕೇವಲ ವಂಚನೆಯೆಂದು ಕರೆದು ಮುಗಿಸಿದವರೇ ಹೆಚ್ಚು. ಭಾರತೀಯ ಕಾವ್ಯಮೀಮಾಂಸೆಯ ನೆಲೆಯಿಂದ ನೋಡಿದಾಗ ಇದರ ಸ್ವರೂಪ ಬೇರೆಯಾಗಿಯೇ ತೋರುತ್ತದೆ. ಶ್ರೀಶಂಕುಕನ ಚಿತ್ರತುರಗ ನ್ಯಾಯ ಕನ್ನಡದ ಅಧ್ಯಾಪಕರಿಗೆ ಚಿರಪರಿಚಿತವಾದುದು. ಚಿತ್ರದಲ್ಲಿರುವ ಕುದುರೆಯನ್ನು ಕಂಡವನಿಗೆ ಉಂಟಾಗುವ 'ಇದು ಕುದುರೆ' ಎಂಬ ಅರಿವು ಸಮ್ಯಕ್‌ಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ. ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ನಟನನ್ನು ರಾಮನೆಂದು ಕಾಣುವ ಸಾಮಾಜಿಕನ ಪ್ರತೀತಿಯೂ ಇಂಥದೇ. ಆದರೆ ಚಿತ್ರದ ಕುದುರೆಗೆ ಗೋಡೆಯ ಅಥವಾ ಪಟದ ಚೌಕಟ್ಟಿರುತ್ತದೆ ಎಂಬುದನ್ನು ಈ ನ್ಯಾಯವು ಒಪ್ಪಿಕೊಂಡೇ ಮುಂದುವರಿಯುತ್ತದೆ. 'ಲೋನ್ಲಿಗರ್ಲ್15' ತೆಗೆದುಹಾಕಿದ್ದು ಆ ಚೌಕಟ್ಟನ್ನು. ಆಗ ನೋಡುಗನ ಪ್ರತೀತಿ ವಿಲಕ್ಷಣವಾಗಿ ಉಳಿಯದೆ ಸಾದಾ ಮಿಥ್ಯಾಜ್ಞಾನವಾಗಿಬಿಡುತ್ತದೆ. ಬಯಲಾದ ದಿನ ಅವನಿಗೆ ಕೋಪ ಬರುತ್ತದೆ.

ಅಭಿನವಗುಪ್ತ ರಸವಿಘ್ನಗಳನ್ನು ಚರ್ಚಿಸುವಾಗ ಆಡಿರುವ ಮಾತು ಇಲ್ಲಿ ಇನ್ನೂ ಹತ್ತಿರದ್ದು. ಎದುರಿಗೆ ಕಾಣುವ ಸುಖದುಃಖಗಳು 'ನನ್ನವು' ಅಥವಾ 'ಇಂಥವನವು' ಎಂದು ವ್ಯಕ್ತಿಗಳಿಗೆ ಅಂಟಿಕೊಂಡರೆ ರಸಾನುಭವಕ್ಕೆ ವಿಘ್ನ. ಆ ವಿಘ್ನದ ನಿವಾರಣೆಗೆ ಅವನು ಎರಡು ಉಪಾಯಗಳನ್ನು ಜೊತೆಯಾಗಿ ಹೇಳುತ್ತಾನೆ: ಪೂರ್ವರಂಗ, ಪ್ರಸ್ತಾವನೆಗಳಲ್ಲಿ ನಟನು ನಟನೆಂದು ಮೊದಲು ಕಾಣಿಸಿಕೊಳ್ಳುವುದು; ಬಳಿಕ ಕಿರೀಟವೇ ಮೊದಲಾದ ವೇಷದಿಂದ ಆ ನಟತ್ವವನ್ನು ಮರೆಮಾಡುವುದು. ಮೊದಲು ತೋರಿ ಆಮೇಲೆ ಮುಚ್ಚುವುದು ಕ್ರಮ. ಬ್ರೀಯ ವಿಡಿಯೊಗಳಲ್ಲಿ ಕಿರೀಟವಿತ್ತು, ಪ್ರಸ್ತಾವನೆಯಿರಲಿಲ್ಲ. ಹುಡುಗಿಯ ದುಃಖ ಒಬ್ಬ ನಿರ್ದಿಷ್ಟ ಹುಡುಗಿಯ ದುಃಖವೆಂದೇ ನೋಡುಗರನ್ನು ತಟ್ಟಿತು. ಅವರು ಸಹೃದಯರಾಗಿ ಉಳಿಯಲಿಲ್ಲ, ನೆರೆಹೊರೆಯವರಾದರು, ಅಣ್ಣಂದಿರಾದರು. ಈ ಆಪ್ತತೆಯೇ ವಿಡಿಯೊದ ಜನಪ್ರಿಯತೆಯ ಮೂಲವಾಗಿದ್ದರಿಂದ ನಟಿಯ ಹೆಸರನ್ನು ಅಡಗಿಸಿಡುವುದು ಅನಿವಾರ್ಯವಾಗಿತ್ತು. ಅಂದರೆ ಜೆಸ್ಸಿಕಾ ರೋಸ್ ಎಷ್ಟು ಚೆನ್ನಾಗಿ ಅಭಿನಯಿಸಿದರೋ ಅಷ್ಟರಮಟ್ಟಿಗೆ ಅವರು ನಟಿಯಾಗಿ ಇಲ್ಲವಾದರು.

ಕನ್ನಡ ರಂಗಭೂಮಿಯ ಒಂದು ಉದಾಹರಣೆ ಇದಕ್ಕೆ ನೇರ ವಿರುದ್ಧವಾಗಿ ನಿಲ್ಲುತ್ತದೆ. ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ' ನಾಟಕದ ಪಾತ್ರವು ಚಂದ್ರು ಅವರ ಹೆಸರಿನ ಮುಂದೆ ಬಿರುದಿನಂತೆ ಕುಳಿತು 'ಮುಖ್ಯಮಂತ್ರಿ ಚಂದ್ರು' ಎಂಬ ಹೆಸರೇ ರೂಢಿಗೆ ಬಂದಿತು. ಪಾತ್ರ ನಟನನ್ನು ನುಂಗದೆ ಅವರಿಗೆ ಉಪಾಧಿಯಾಗಿ ಒದಗಿತು. ಚಂದ್ರು ಮುಖ್ಯಮಂತ್ರಿಯಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದಲೇ ಅದು ಸಾಧ್ಯವಾಯಿತು. ಪಾತ್ರದ ಹೆಸರು, ನಟನ ಹೆಸರು ಎರಡೂ ಪ್ರೇಕ್ಷಕನ ಬಾಯಲ್ಲಿ ಒಟ್ಟಿಗೆ ಇರಬೇಕಾದರೆ ಪ್ರಸ್ತಾವನೆ ನಡೆದಿರಬೇಕು.

ಬಯಲಾದ ಮೇಲೆ ಜೆಸ್ಸಿಕಾ ರೋಸ್ ಅವರಿಗೆ ಅವಕಾಶಗಳು ಬಾರದೆ ಇರಲಿಲ್ಲ. ಬಡತನದ ವಿರುದ್ಧ ವಿಶ್ವಸಂಸ್ಥೆ ನಡೆಸಿದ ಪ್ರಚಾರದಲ್ಲಿ ಅವರು ಕಾಣಿಸಿಕೊಂಡರು. 2007ರಲ್ಲಿ 'ಐ ನೋ ಹೂ ಕಿಲ್ಡ್ ಮಿ' ಚಲನಚಿತ್ರದಲ್ಲೂ 'ಗ್ರೀಕ್' ಧಾರಾವಾಹಿಯಲ್ಲೂ ಪಾತ್ರಗಳು ದೊರೆತವು. 2008ರಲ್ಲಿ 'ಸೊರಾರಿಟಿ ಫಾರೆವರ್' ಎಂಬ ಜಾಲಸರಣಿ ಬಂದಿತು. 'ಲೋನ್ಲಿಗರ್ಲ್15'ರ ಕಥೆ ಮಾತ್ರ ಅವರನ್ನು ಬಿಟ್ಟು ಮುಂದೆ ಸಾಗಿತು. 2007ರ ಆಗಸ್ಟಿನಲ್ಲಿ ಬ್ರೀ ಕಥೆಯೊಳಗೆ ಸತ್ತಳು. ಸರಣಿ ಇನ್ನೂ ಒಂದು ವರ್ಷ ನಡೆಯಿತು. ಪಾತ್ರವೂ ಹೆಸರೂ ಕಥೆಯೂ ನಿರ್ಮಾಪಕರ ಸ್ವತ್ತಾಗಿದ್ದವು. ನಟಿಯ ಪಾಲಿಗೆ ಉಳಿದದ್ದು ಪರಿಚಿತವಾದ ಒಂದು ಮುಖ, ಅದೂ ಬೇರೊಬ್ಬಳದೆಂದು ಜನ ನೆನಪಿಟ್ಟುಕೊಂಡ ಮುಖ. ಇದನ್ನು ಅವರ ಸೋಲೆಂದು ಬಗೆಯುವುದು ಅನ್ಯಾಯ; ಸಾವಿರಾರು ನಟಿಯರಿರುವ ಆ ನಗರದಲ್ಲಿ ಕೆಲಸ ಸಿಗುವುದೇ ಕಡಿಮೆಯ ಮಾತಲ್ಲ. ಇಲ್ಲಿ ಗಮನಿಸಬೇಕಾದುದು ಕೋಟಿಗಟ್ಟಲೆ ನೋಟಗಳಿಗೂ ಆಮೇಲಿನ ವೃತ್ತಿಗೂ ನಡುವೆ ನಿರೀಕ್ಷಿಸುವಷ್ಟು ನೇರವಾದ ಸಂಬಂಧವಿಲ್ಲ ಎಂಬುದನ್ನು.

ಸಂಬಂಧ ಬೇರೆ ಕಡೆ ಇದೆ. 2007ರಲ್ಲಿ ಫೆಲಿಸಿಯಾ ಡೇ 'ದ ಗಿಲ್ಡ್' ಎಂಬ ಜಾಲಸರಣಿಯನ್ನು ತಾವೇ ಬರೆದು ನಟಿಸಿ, ನೋಡುಗರ ದೇಣಿಗೆಯಿಂದ ಮೊದಲ ವರ್ಷವನ್ನು ದಾಟಿಸಿ, ಕೃತಿಯ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡರು. ಆ ದಾರಿಯ ಪೂರ್ಣರೂಪ ಕಾಣುವುದು ಇಸ್ಸಾ ರೇ ಅವರಲ್ಲಿ.

1985ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಇಸ್ಸಾ ರೇ ಅವರ ತಂದೆ ಸೆನೆಗಲ್ ದೇಶದ ವೈದ್ಯರು. ತಾಯಿ ಅಮೆರಿಕದ ಲೂಸಿಯಾನಾದವರು, ಅಧ್ಯಾಪಕಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ವಿದ್ಯಾರ್ಥಿನಿಲಯದ ಬದುಕನ್ನು ಕುರಿತು ವಿಡಿಯೊ ಸರಣಿಯೊಂದನ್ನು ಮಾಡಿದ್ದರು. 2007ರಲ್ಲಿ ಪದವಿ ಪಡೆದು ಹೊರಬಂದಾಗ ತಮ್ಮಂಥವರಿಗೆ ತೆರೆಯ ಮೇಲೆ ಪಾತ್ರವಿಲ್ಲವೆಂಬುದು ಅವರಿಗೆ ಸ್ಪಷ್ಟವಾಗಿತ್ತು. 1990ರ ದಶಕದಲ್ಲಿ 'ಲಿವಿಂಗ್ ಸಿಂಗಲ್', 'ಮೊಯೆಶಾ' ಮೊದಲಾದ ಧಾರಾವಾಹಿಗಳಲ್ಲಿ ಕಪ್ಪು ಹೆಣ್ಣುಮಕ್ಕಳ ದಿನನಿತ್ಯದ ಬದುಕಿಗೆ ಸಿಕ್ಕಿದ್ದ ಜಾಗ ಮುಂದಿನ ದಶಕದಲ್ಲಿ ಕರಗಿಹೋಗಿತ್ತು. ಉಳಿದದ್ದು ಜೋರುಬಾಯಿಯ ಗೆಳತಿ, ಎಲ್ಲವನ್ನೂ ಸಹಿಸುವ ಗಟ್ಟಿಗಿತ್ತಿ ಎಂಬಂಥ ಸಿದ್ಧಮಾದರಿಗಳು. ಅಂಜುವ, ತಡವರಿಸುವ, ನಾಲ್ಕು ಜನರ ನಡುವೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುವ ಕಪ್ಪು ಹೆಣ್ಣು ಆ ಪಟ್ಟಿಯಲ್ಲಿರಲಿಲ್ಲ.

2011ರ ಫೆಬ್ರವರಿಯಲ್ಲಿ ಯೂಟ್ಯೂಬಿನಲ್ಲಿ ಆರಂಭವಾದ 'ದ ಮಿಸ್‌ಅಡ್ವೆಂಚರ್ಸ್ ಆಫ್ ಆಕ್ವರ್ಡ್ ಬ್ಲ್ಯಾಕ್ ಗರ್ಲ್' ಈ ಕೊರತೆಯಿಂದ ಹುಟ್ಟಿದ ಕೃತಿ. ಸ್ಟ್ಯಾನ್‌ಫರ್ಡಿನ ಗೆಳತಿ ಟ್ರೇಸಿ ಆಲಿವರ್ ಬರವಣಿಗೆಯಲ್ಲೂ ನಿರ್ಮಾಣದಲ್ಲೂ ಅಭಿನಯದಲ್ಲೂ ಜೊತೆಗಿದ್ದರು. ಕಥಾನಾಯಕಿಯ ಹೆಸರು ಬರಿಯ 'ಜೆ'. ಅವಳದು ಕರೆಕೇಂದ್ರವೊಂದರಲ್ಲಿ ಕೆಲಸ. ಮೊದಲ ಕಂತಿನ ಪ್ರಸಂಗವೊಂದನ್ನು ನೋಡಬಹುದು. ಕಾರಿನಲ್ಲಿ ಹೋಗುತ್ತಿರುವ ಜೆ ತಿರುವಿನ ನಿಲುಗಡೆ ಫಲಕದ ಬಳಿ ಪಕ್ಕದ ಕಾರಿನಲ್ಲಿ ಸಹೋದ್ಯೋಗಿಯನ್ನು ಕಾಣುತ್ತಾಳೆ, ನಗುತ್ತಾಳೆ, ಕೈಬೀಸುತ್ತಾಳೆ. ಅಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಫಲಕದಲ್ಲೂ ಅದೇ ಕಾರು, ಅದರ ಮುಂದಿನದರಲ್ಲೂ. ಒಮ್ಮೆ ನಮಸ್ಕಾರ ಹೇಳಿಯಾದ ಮೇಲೆ ಎರಡನೆಯ ಸಲ ಏನು ಮಾಡುವುದು ಎಂಬ ಸಂಕಟವೇ ಇಲ್ಲಿನ ವಸ್ತು.

ಇಲ್ಲಿ ಬಳಕೆಯಾಗಿರುವ ತಂತ್ರ ನಾಟಕಶಾಸ್ತ್ರಕ್ಕೆ ಹೊಸದಲ್ಲ. ಜೆಯ ಮನದ ಮಾತು ಹಿನ್ನೆಲೆಯ ಧ್ವನಿಯಾಗಿ ಕೇಳಿಸುತ್ತಿರುತ್ತದೆ. ಎದುರಿಗಿರುವ ಪಾತ್ರಕ್ಕೆ ಅದು ಕೇಳಿಸದು. ಸಂಸ್ಕೃತ ನಾಟಕದ 'ಸ್ವಗತ' ಇದೇ. ಮುಖದ ಮೇಲಿನ ಹುಸಿನಗೆಗೂ ಒಳಗಿನ ರೇಗಾಟಕ್ಕೂ ಇರುವ ಅಂತರದಿಂದ ಹಾಸ್ಯ ಹುಟ್ಟುತ್ತದೆ. ಬ್ರೀ ಕ್ಯಾಮೆರಾದತ್ತ ತಿರುಗಿ ತನ್ನ ಗುಟ್ಟುಗಳನ್ನು ನೋಡುಗನಿಗೆ ಹೇಳುತ್ತಿದ್ದಳು. ಜೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ನೋಡುಗನು ಕೇಳಿಸಿಕೊಳ್ಳುತ್ತಾನೆ. ಮೊದಲನೆಯದರಲ್ಲಿ ನೋಡುಗ ವಂಚಿತನಾಗಬಲ್ಲ, ಎರಡನೆಯದರಲ್ಲಿ ಸಾಧ್ಯವಿಲ್ಲ. ಏಕೆಂದರೆ ಒಳಧ್ವನಿಯನ್ನು ಕೇಳಿಸುವುದೇ ನಾಟ್ಯಧರ್ಮಿ. ಜೊತೆಗೆ ಸರಣಿಯ ಶೀರ್ಷಿಕೆಯೇ ಪ್ರಸ್ತಾವನೆಯ ಕೆಲಸವನ್ನು ಮಾಡುತ್ತದೆ. ಬರೆದವಳ ಹೆಸರು, ನಟಿಸಿದವಳ ಹೆಸರು ಪ್ರಕಟವಾಗಿದ್ದವು, ಮತ್ತು ಅವೆರಡೂ ಒಂದೇ ಆಗಿದ್ದವು.

ಹಣ ಮುಗಿದಾಗ ಈ ಸ್ಪಷ್ಟತೆ ಫಲಕೊಟ್ಟಿತು. 2011ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ನೋಡುಗರಿಂದ 56 ಸಾವಿರ ಡಾಲರಿಗೂ ಹೆಚ್ಚಿನ ಮೊತ್ತ ಕೂಡಿಬಂದಿತು. ಎರಡನೆಯ ಆವೃತ್ತಿಯನ್ನು 2012ರಲ್ಲಿ ಸಂಗೀತಗಾರ ಫರೆಲ್ ವಿಲಿಯಮ್ಸ್ ತಮ್ಮ ಯೂಟ್ಯೂಬ್ ವಾಹಿನಿಯಲ್ಲಿ ಪ್ರಕಟಿಸಿದರು. ಅದಾದ ಮೇಲೆ ದಾರಿ ಸುಗಮವಾಯಿತೆಂದು ಭಾವಿಸಬಾರದು. ಶೋಂಡಾ ರೈಮ್ಸ್ ಅವರ ಸಂಸ್ಥೆಯೊಡನೆ ಎಬಿಸಿ ವಾಹಿನಿಗಾಗಿ ಬರೆದ ಧಾರಾವಾಹಿ ಚಿತ್ರೀಕರಣದವರೆಗೂ ಬರಲಿಲ್ಲ. ಎಚ್‌ಬಿಒ ವಾಹಿನಿಗಾಗಿ ಲ್ಯಾರಿ ವಿಲ್ಮೋರ್ ಅವರೊಡನೆ ರೂಪಿಸಿದ 'ಇನ್‌ಸೆಕ್ಯೂರ್' ಪ್ರಸಾರವಾಗಲು 2016ರ ಅಕ್ಟೋಬರ್ ಬರಬೇಕಾಯಿತು. ಜಾಲಸರಣಿಯಿಂದ ಇಲ್ಲಿಗೆ ಐದೂವರೆ ವರ್ಷ. ವಿಡಿಯೊ ಕೀರ್ತಿ ರಾತ್ರೋರಾತ್ರಿ ಬರುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ರೂಢವಾಗಿದೆ; ಬಂದರೂ ಅದು ವೃತ್ತಿಯಾಗಲು ಹಿಡಿಯುವ ಕಾಲ ಇದು.

'ಇನ್‌ಸೆಕ್ಯೂರ್' ಐದು ಆವೃತ್ತಿಗಳಲ್ಲಿ 2021ರ ಡಿಸೆಂಬರಿನವರೆಗೆ ನಡೆಯಿತು. ಇದರ ನಾಯಕಿಯ ಹೆಸರು ಇಸ್ಸಾ ಡೀ. ಬರಿಯ ಒಂದಕ್ಷರವಾಗಿದ್ದ ಪಾತ್ರ ಈಗ ಲೇಖಕಿಯ ಹೆಸರನ್ನೇ ಹೊತ್ತಿದೆ. ಜಾಲಸರಣಿಯ ಜೆ ಕೋಪವನ್ನು ಕೋಣೆಯೊಳಗೆ ರ್‍ಯಾಪ್ ಹಾಡಾಗಿ ಬರೆದು ತೀರಿಸಿಕೊಳ್ಳುತ್ತಿದ್ದಳು. ಇಸ್ಸಾ ಡೀ ಕನ್ನಡಿಯ ಮುಂದೆ ನಿಂತು ಹಾಡುತ್ತಾಳೆ, ಕನ್ನಡಿಯ ಬಿಂಬದೊಡನೆ ವಾದಿಸುತ್ತಾಳೆ. ಹಿನ್ನೆಲೆಯ ಧ್ವನಿಯಾಗಿದ್ದ ಸ್ವಗತ ಕಣ್ಣಿಗೆ ಕಾಣುವ ಇನ್ನೊಂದು ಪಾತ್ರವಾಗಿ ಬೆಳೆದಿರುವುದು ಕೇವಲ ಹೆಚ್ಚಿನ ಹಣದ ಪರಿಣಾಮವಲ್ಲ. ಕೋಣೆಯಲ್ಲಿ ಒಬ್ಬಳೇ ಮಾತನಾಡುವ ಹೆಣ್ಣು ಎಂಬ ವಿಡಿಯೊ ಮಾಧ್ಯಮದ ಮೂಲಪ್ರತಿಮೆಯನ್ನೇ ಇಲ್ಲಿ ದೂರದರ್ಶನದ ಭಾಷೆಗೆ ಒಗ್ಗಿಸಲಾಗಿದೆ. ಈ ಪಾತ್ರಕ್ಕಾಗಿ ಹಾಸ್ಯ ಧಾರಾವಾಹಿಯ ಪ್ರಧಾನ ನಟಿಯ ವಿಭಾಗದಲ್ಲಿ ಇಸ್ಸಾ ರೇ 2018, 2020 ಮತ್ತು 2022ರಲ್ಲಿ ಎಮ್ಮಿ ಪ್ರಶಸ್ತಿಗೆ ನಾಮಕರಣಗೊಂಡರು. 2023ರಲ್ಲಿ 'ಬಾರ್ಬಿ', 'ಅಮೆರಿಕನ್ ಫಿಕ್ಷನ್' ಚಿತ್ರಗಳಲ್ಲಿ ನಟಿಸಿದರು. ಅಂದರೆ ಬೇರೆಯವರು ಬರೆದ ಪಾತ್ರಗಳೂ ಅವರನ್ನು ಹುಡುಕಿಕೊಂಡು ಬಂದವು.

ಅಂತರ್ಜಾಲವು ಕಲೆಯನ್ನು ಎಲ್ಲರ ಕೈಗೂ ಎಟುಕಿಸಿತೆಂಬ ಉತ್ಸಾಹದ ಸಂಕಥನಕ್ಕೆ ಇದನ್ನು ಸಾಕ್ಷಿಯಾಗಿ ಬಳಸುವಾಗ ಎಚ್ಚರ ಬೇಕು. ಸ್ಟ್ಯಾನ್‌ಫರ್ಡಿನ ಒಡನಾಟಗಳು, ಲಾಸ್ ಏಂಜಲೀಸಿನ ನೆಲೆ ಎಲ್ಲರಿಗೂ ಇರುವುದಿಲ್ಲ. ಬಾಗಿಲು ಕಾಯುವವರೂ ಹೋಗಿರಲಿಲ್ಲ. ವಾಹಿನಿಯ ಅಧಿಕಾರಿಗಳ ಒಪ್ಪಿಗೆಗೆ ಇಸ್ಸಾ ರೇ ಕೂಡ ಕಾಯಬೇಕಾಯಿತು. ಬದಲಾದದ್ದು ಅವರು ಆ ಬಾಗಿಲಿಗೆ ಏನನ್ನು ಹಿಡಿದು ಹೋದರು ಎಂಬುದು. ಜೆಸ್ಸಿಕಾ ರೋಸ್ ಕೊಂಡೊಯ್ಯಬಹುದಾಗಿದ್ದುದು ತಮ್ಮ ಅಭಿನಯ ಸಾಮರ್ಥ್ಯವನ್ನು ಮಾತ್ರ. ಅದನ್ನು ಬಳಸುವ ಕಥೆಯನ್ನು ಬೇರೆಯವರು ಬರೆಯಬೇಕಿತ್ತು. ಇಸ್ಸಾ ರೇ ಪಾತ್ರವನ್ನೂ ಅದರ ಲೋಕವನ್ನೂ ಅದನ್ನು ಬಯಸುವ ಪ್ರೇಕ್ಷಕರನ್ನೂ ಒಟ್ಟಿಗೆ ಕೊಂಡೊಯ್ದರು. ನಟಿ ಕೃತಿಕಾರಳೂ ಆದಾಗ ಮಾತ್ರ ವಿಡಿಯೊ ಕೀರ್ತಿ ಅವಳ ಸ್ವಂತದ್ದಾಗುತ್ತದೆ ಎಂಬ ತೀರ್ಮಾನಕ್ಕೆ ಈ ಎರಡು ನಿದರ್ಶನಗಳು ಎಡೆಮಾಡಿಕೊಡುತ್ತವೆ. ಅಭಿನಯವನ್ನಷ್ಟೇ ಬಲ್ಲ, ಬರವಣಿಗೆ ಒಲಿಯದ ನಟಿಯ ಪಾಲಿಗೆ ಈ ತೀರ್ಮಾನ ಕಠಿಣವಾದುದು. ಹಳೆಯ ರಂಗಭೂಮಿ ಅವಳಿಂದ ಅದನ್ನು ಬೇಡಿರಲಿಲ್ಲ.

'ಇನ್‌ಸೆಕ್ಯೂರ್' ಆರಂಭವಾದ 2016ರಲ್ಲೇ, ಜೂನ್ ತಿಂಗಳಲ್ಲಿ, 'ಲೋನ್ಲಿಗರ್ಲ್15'ಕ್ಕೆ ಹತ್ತು ವರ್ಷ ತುಂಬಿದ ನೆನಪಿಗೆ ಅದೇ ಪುಟದಲ್ಲಿ ಹೊಸ ವಿಡಿಯೊ ಒಂದು ಪ್ರಕಟವಾಯಿತು. ಅದರಲ್ಲಿ ಜೆಸ್ಸಿಕಾ ರೋಸ್ ಮತ್ತೆ ಬ್ರೀ ಆಗಿ ಕಾಣಿಸಿಕೊಂಡರು. ಈ ಸಲ ಮಾತನಾಡುತ್ತಿರುವವಳು ನಟಿ ಎಂಬುದು ನೋಡುವವರಿಗೆಲ್ಲ ಗೊತ್ತಿತ್ತು.