ಬೆಂಗಳೂರು ನೀಲಿ ದ್ರಾಕ್ಷಿ: ಬಳ್ಳಿಗೆ ಇಲ್ಲದ ಗಡಿ ಹೆಸರಿಗಿದೆ

ದಪ್ಪ ಸಿಪ್ಪೆ, ಒಳಗೆ ಬೀಜ, ಕಡುನೀಲಿ ಬಣ್ಣ, ತೀಕ್ಷ್ಣವಾದ ಪರಿಮಳ. ಇವು ‘ಬೆಂಗಳೂರು ನೀಲಿ’ ದ್ರಾಕ್ಷಿಯ ಗುರುತುಗಳು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಭಾಗಗಳಲ್ಲಿ ಶತಮಾನಕ್ಕೂ ಹೆಚ್ಚು ಕಾಲದಿಂದ ಬೆಳೆಯುತ್ತಿರುವ ಈ ಹಣ್ಣು ತಿನ್ನಲು, ಹಣ್ಣಿನ ರಸಕ್ಕೆ ಹಾಗೂ ಸಿಹಿಯಾದ ಪೋರ್ಟ್ ವೈನ್ ತಯಾರಿಕೆಗೆ ಬಳಕೆಯಾಗುತ್ತದೆ.

ಹೆಸರು ಬೆಂಗಳೂರಿನದಾದರೂ ತಳಿಯ ಮೂಲ ಅಮೆರಿಕ. ತಜ್ಞರು ಇದನ್ನು ‘ಇಸಬೆಲ್ಲಾ’ ತಳಿಯೆಂದು ಗುರುತಿಸುತ್ತಾರೆ. ನ್ಯೂಯಾರ್ಕಿನ ಸಸ್ಯೋದ್ಯಮಿ ವಿಲಿಯಂ ಪ್ರಿನ್ಸ್ 1816ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಬಳ್ಳಿಯನ್ನು ಬೆಳೆಸಿದ್ದ ಗಿಬ್ಸ್ ಕುಟುಂಬದ ಇಸಬೆಲ್ಲಾ ಅವರ ಹೆಸರೇ ತಳಿಗೆ ಬಂದಿತು. ಇಟಲಿಯಲ್ಲಿ ಇದೇ ಹಣ್ಣಿಗೆ ‘ಸ್ಟ್ರಾಬೆರಿ ದ್ರಾಕ್ಷಿ’ ಎಂಬ ಅರ್ಥದ ಹೆಸರಿದೆ. ಫ್ರಾನ್ಸ್ 1934ರಲ್ಲಿ ವೈನ್ ಮಾರಾಟಕ್ಕೆ ನಿಷೇಧಿಸಿದ ಆರು ತಳಿಗಳಲ್ಲಿ ಇದೂ ಒಂದು.

ಅಲ್ಲಿ ನಿಷಿದ್ಧವಾದ ಈ ತಳಿಗೆ ಇಲ್ಲಿ ಮನ್ನಣೆ ದೊರೆಯಿತು. 1999ರ ಕಾಯ್ದೆಯಡಿ 2013ರಲ್ಲಿ ‘ಬೆಂಗಳೂರು ನೀಲಿ ದ್ರಾಕ್ಷಿ’ಗೆ ಭೌಗೋಳಿಕ ಸೂಚಕದ ನೋಂದಣಿಯಾಯಿತು. ಈ ನೋಂದಣಿ ರಕ್ಷಿಸುವುದು ಬಳ್ಳಿಯನ್ನಲ್ಲ, ಹೆಸರನ್ನು. ಬಳ್ಳಿಯನ್ನು ಯಾರು ಬೇಕಾದರೂ ಎಲ್ಲಿಯಾದರೂ ನೆಡಬಹುದು. ಆದರೆ ಆ ಹೆಸರಿನಲ್ಲಿ ಮಾರುವ ಹಕ್ಕು ನಿಗದಿತ ಪ್ರದೇಶದ ಅಧಿಕೃತ ಬಳಕೆದಾರರಿಗೆ ಮಾತ್ರ ಸೇರಿದ್ದು.

ಗಡಿನಾಡಿನ ರೈತರು ಗಮನಿಸಬೇಕಾದ ಅಂಶ ಇದೇ. ನಿಗದಿತ ಪ್ರದೇಶ ಕರ್ನಾಟಕದ ಜಿಲ್ಲೆಗಳಿಗೆ ಸೀಮಿತವಾಗಿದೆ. ಗೌರಿಬಿದನೂರಿನ ತೋಟದ ಹಣ್ಣಿಗೆ ಸಿಗುವ ಹೆಸರು ಮಡಕಶಿರಾದ ತೋಟದ ಹಣ್ಣಿಗೆ ಸಿಗದು. ಹಾಗೆಂದು ರಾಜ್ಯದ ಗಡಿಯೇ ಸೂಚಕದ ಗಡಿಯಾಗಬೇಕೆಂದು ಕಾಯ್ದೆ ಹೇಳುವುದಿಲ್ಲ. 2016ರಲ್ಲಿ ನೋಂದಣಿಯಾದ ಬಾಸುಮತಿ ಅಕ್ಕಿಯ ಪ್ರದೇಶ ಹಲವು ರಾಜ್ಯಗಳನ್ನು ಒಳಗೊಂಡಿದೆ. ಮಣ್ಣು, ಹವೆ, ಬೆಳೆಯ ಚರಿತ್ರೆ ಇವುಗಳಿಗೆ ಪುರಾವೆ ಒದಗಿಸುವುದೇ ಅಲ್ಲಿ ಮುಖ್ಯ.

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದ ಜನರಿಗೆ ಆಡಳಿತದ ಗೆರೆಗೂ ನೆಲದ ಗುಣಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಈ ಭಾಗದ ಯಾವುದೇ ಬೆಳೆಗೆ ಮುಂದೆ ಇಂಥ ಮನ್ನಣೆ ಕೋರುವಾಗ ಅರ್ಜಿಯ ನಕ್ಷೆಯಲ್ಲಿ ನಮ್ಮ ಹಳ್ಳಿಗಳಿವೆಯೇ ಎಂಬುದನ್ನು ಬೆಳೆಗಾರರು ಮೊದಲೇ ನೋಡಿಕೊಳ್ಳುವುದು ಲೇಸು.