ಚಳಿಯೂರಿನ ಪಂದ್ಯ, ಬಿಸಿಲೂರಿನ ಪಂದ್ಯ

ಆಟದ ನಿಯಮಗಳನ್ನು ಮನುಷ್ಯರು ಬರೆಯುತ್ತಾರೆ. ಆದರೆ ಬಯಲಿನಲ್ಲಿ ನಡೆಯುವ ಪ್ರತಿಯೊಂದು ಆಟದಲ್ಲಿಯೂ ಯಾರೂ ಬರೆಯದ ನಿಯಮಗಳನ್ನು ಜಾರಿಗೆ ತರುವ ಶಕ್ತಿಯೊಂದುಂಟು, ಅದೇ ಹವೆ. ಅದು ಇಬ್ಬಣದವರಿಗೂ ಸಮಾನವಾದುದೆಂದು ಜನರು ಹೇಳುವುದುಂಟು. ಆದರೆ ಚೆಂಡು, ನೆಲ, ಆಟಗಾರನ ದೇಹ ಇವುಗಳ ಮೇಲೆ ಹವೆಯು ಏನು ಮಾಡುತ್ತದೆಂಬುದನ್ನು ಬಲ್ಲವನಿಗೆ, ಪಂದ್ಯವನ್ನು ಎಲ್ಲಿ, ಯಾವಾಗ ನಡೆಸಬೇಕೆಂಬ ಪ್ರಶ್ನೆ ಅನುಕೂಲದ ಪ್ರಶ್ನೆ ಮಾತ್ರವಲ್ಲ, ಕೆಲವೊಮ್ಮೆ ಪ್ರಾಣದ ಪ್ರಶ್ನೆ ಎಂದು ತಿಳಿಯುತ್ತದೆ. ಈ ಲೇಖನದಲ್ಲಿ ಅಮೆರಿಕದ ಒಂದು ಚಳಿಯೂರಿನ ಪಂದ್ಯವನ್ನೂ, ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಬಿಸಿಲಿನ ಪಂದ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸೋಣ. ಎರಡನ್ನೂ ಆಳುವ ಭೌತಶಾಸ್ತ್ರ ಒಂದೇ.

ಹಿಮದ ಮೇಲಿನ ಪಂದ್ಯ

1967ನೆಯ ಇಸವಿ ಡಿಸೆಂಬರ್ 31ರಂದು ಅಮೆರಿಕದ ಗ್ರೀನ್ ಬೇ ಎಂಬ ಊರಿನಲ್ಲಿ ಆ ದೇಶದ ಫುಟ್‌ಬಾಲ್ ಸಂಘದ ಪ್ರಶಸ್ತಿ ಪಂದ್ಯ ನಡೆಯಿತು. ಇದು ನಾವು ಕಾಲಿನಿಂದ ಆಡುವ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಬೇರೆ ಆಟ. ಅಂದು ಹೊರಗಿನ ಉಷ್ಣತೆ ಸೊನ್ನೆಗಿಂತ 25 ಡಿಗ್ರಿ ಸೆಂಟಿಗ್ರೇಡ್ ಕೆಳಗಿದ್ದಿತು. ನೆಲ ಹೆಪ್ಪುಗಟ್ಟದಿರಲೆಂದು ಹುಲ್ಲಿನ ಕೆಳಗೆ ವಿದ್ಯುತ್ ತಂತಿಗಳ ಸುರುಳಿಗಳನ್ನು ಹೂಳಿದ್ದರು. ಮೇಲೆ ಹೊದಿಕೆಯನ್ನೂ ಹಾಸಿದ್ದರು. ಹೊದಿಕೆಯನ್ನು ತೆಗೆದಾಗ ಅದರ ಕೆಳಗೆ ಸೇರಿದ್ದ ತೇವ ಹೊರಗಿನ ಚಳಿಗೆ ಮಂಜುಗಡ್ಡೆಯಾಯಿತು. ತೀರ್ಪುಗಾರರ ಲೋಹದ ಸೀಟಿಗಳು ತುಟಿಗೆ ಅಂಟಿಕೊಂಡುದರಿಂದ ಅವರು ಬಾಯಿಂದ ಕೂಗಿಯೇ ಆಟವನ್ನು ನಡೆಸಬೇಕಾಯಿತು. ಸುಮಾರು 50,000 ಮಂದಿ ಬಯಲಿನಲ್ಲಿ ಕುಳಿತು ಇದನ್ನು ನೋಡಿದರು. ಗ್ರೀನ್ ಬೇ ತಂಡವು ಡಲಾಸ್ ತಂಡವನ್ನು 21–17ರಿಂದ ಸೋಲಿಸಿತು. ಜನರು ಇಂದಿಗೂ ಅದನ್ನು ಹಿಮದ ಪಂದ್ಯವೆಂದೇ ಕರೆಯುತ್ತಾರೆ.

ಆ ಆಟದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲ್ ಅನ್ನು ಬೆಚ್ಚನೆಯ ಊರುಗಳಲ್ಲಿ ಅಥವಾ ಮಾಡಿನ ಕೆಳಗೆ ನಡೆಸುವುದು ಬಹುಕಾಲದ ಪದ್ಧತಿ. 2014ರ ಫೆಬ್ರುವರಿ 2ರಂದು ಮೊದಲ ಬಾರಿಗೆ ಅದನ್ನು ಚಳಿಯ ಸೀಮೆಯಲ್ಲಿ, ನ್ಯೂಯಾರ್ಕಿನ ನೆರೆಯ ಈಸ್ಟ್ ರದರ್‌ಫರ್ಡಿನಲ್ಲಿ, ತೆರೆದ ಬಯಲಿನಲ್ಲಿ ಆಡಿದರು. ಹಿಮ ಬಿದ್ದರೆ ಗತಿಯೇನೆಂದು ನಾಲ್ಕು ವರ್ಷ ಚರ್ಚೆ ನಡೆದಿದ್ದಿತು. ಆದರೆ ಆಟ ಆರಂಭವಾದಾಗ ಉಷ್ಣತೆ 9 ಡಿಗ್ರಿಗಿಂತ ಹೆಚ್ಚಾಗಿಯೇ ಇದ್ದಿತು. ಮರುದಿನವೇ ಅಲ್ಲಿ ಹಿಮ ಸುರಿಯಿತು! ವಾಯುಗುಣವು ಒಂದು ಸೀಮೆಯ ಬಹುವರ್ಷಗಳ ಸರಾಸರಿ. ಹವೆಯಾದರೋ ಆ ದಿನದ ಸಂಗತಿ. ಸರಾಸರಿಯನ್ನು ನಂಬಿ ದಿನವನ್ನು ಗೊತ್ತುಮಾಡುವವನು, ಆ ದಿನ ಬಂದಾಗ ಹವೆಯನ್ನು ಅಳೆದು ನೋಡಲೇಬೇಕೆಂಬ ಪಾಠ ಇದರಲ್ಲಿದೆ.

ಚೆಂಡಿಗೆ ಆಗುವುದೇನು?

ಕಾಲ್ಚೆಂಡಿನೊಳಗಿನ ಒತ್ತಡವು ಹೊರಗಿನ ಒತ್ತಡಕ್ಕಿಂತ 0.6ರಿಂದ 1.1 ವಾಯುಭಾರದಷ್ಟು ಹೆಚ್ಚಾಗಿರಬೇಕೆಂದು ನಿಯಮ. ಬಾಗಲಕೋಟೆಯಲ್ಲಿ 27 ಡಿಗ್ರಿ ಉಷ್ಣತೆಯಲ್ಲಿ 0.8 ವಾಯುಭಾರದವರೆಗೆ ಗಾಳಿ ತುಂಬಿದೆವೆಂದು ಇಟ್ಟುಕೊಳ್ಳೋಣ. ಹೊರಗಿನ ವಾಯುಭಾರ 1ನ್ನು ಕೂಡಿದರೆ ಒಳಗಿನ ನಿಜವಾದ ಒತ್ತಡ 1.8. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ಪರಮೋಷ್ಣತೆಗೆ ಅನುಗುಣವಾಗಿರುತ್ತದೆಂದು ನಾವು ಪಾಠಗಳಲ್ಲಿ ಓದಿದ್ದೇವೆ. 27 ಡಿಗ್ರಿ ಎಂದರೆ 300 ಕೆಲ್ವಿನ್. ಗ್ರೀನ್ ಬೇಯ ಆ ದಿನದ ಚಳಿ 248 ಕೆಲ್ವಿನ್. ಈ ಚೆಂಡನ್ನು ಅಲ್ಲಿಗೆ ಒಯ್ದಿದ್ದರೆ ಒಳಗಿನ ಒತ್ತಡ 1.8ರಿಂದ ಸುಮಾರು 1.49ಕ್ಕೆ ಇಳಿಯುತ್ತಿದ್ದಿತು, ಎಂದರೆ ಹೊರಗಿನದಕ್ಕಿಂತ 0.49 ಮಾತ್ರ ಹೆಚ್ಚು. ಯಾರೂ ಗಾಳಿ ಬಿಡದೆಯೇ ಚೆಂಡು ನಿಯಮಬಾಹಿರವಾಯಿತು! ಅದೇ ಚೆಂಡನ್ನು ಮೇ ತಿಂಗಳ ಬಿಸಿಲಿನಲ್ಲಿಟ್ಟು ಅದರೊಳಗಿನ ಗಾಳಿ 50 ಡಿಗ್ರಿಗೆ ಏರಿದರೆ ಒತ್ತಡ 0.94ಕ್ಕೆ ಹೋಗುತ್ತದೆ, ಚೆಂಡು ಬಿಗಿದು ಹೆಚ್ಚು ಪುಟಿಯುತ್ತದೆ.

ಹೊರಗಿನ ಗಾಳಿಯೂ ಬದಲಾಗುತ್ತದೆ. ಒತ್ತಡ ಸಮನಾಗಿದ್ದರೆ, 40 ಡಿಗ್ರಿಯ ಗಾಳಿಗಿಂತ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಗಾಳಿ ಕಾಲುಪಾಲಿಗಿಂತಲೂ ಹೆಚ್ಚು ಸಾಂದ್ರ. ಆದುದರಿಂದ ಚಳಿಯಲ್ಲಿ ಒದ್ದ ಚೆಂಡು ಹೆಚ್ಚು ತಡೆಯನ್ನು ಎದುರಿಸಿ ಬೇಗ ಬೀಳುತ್ತದೆ. ಚಳಿಗೆ ರಬ್ಬರು ಬಿರುಸಾಗುವುದರಿಂದ ಅದರ ಪುಟಿತವೂ ಕುಗ್ಗುತ್ತದೆ.

ನೆಲದ ಸ್ವಭಾವ

ಗ್ರೀನ್ ಬೇಯಲ್ಲಿ ನೆಲವನ್ನು ಕಲ್ಲಾಗಿಸಿದುದು ಹೆಪ್ಪುಗಟ್ಟಿದ ನೀರು. ಹುನಗುಂದದ ಎರೆಯ ನೆಲವನ್ನು ಬೇಸಗೆಯಲ್ಲಿ ಕಲ್ಲಾಗಿಸುವುದು ನೀರಿನ ಅಭಾವ. ಎರೆಯ ಜೇಡಿಯು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆಯಲ್ಲಿ ಕಾಲಿಗೆ ಮೆತ್ತಿಕೊಳ್ಳುವ ಅದೇ ನೆಲ ಮೇ ತಿಂಗಳಲ್ಲಿ ಪಾದ ಉಳುಕಿಸುವ ಬಿರುಕುಗಳಿಂದ ತುಂಬಿರುತ್ತದೆ. ಕಣಶಿಲೆಯ ಸೀಮೆಯಾದ ಇಳಕಲ್ಲಿನ ಸುತ್ತ ಸಿಗುವ ಕೆಂಪು ಮಸಾರಿ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ, ಬಿರುಕು ಕಡಿಮೆ.

ಗಟ್ಟಿ ನೆಲ ಏಕೆ ಅಪಾಯ? ಬಿದ್ದ ದೇಹದ ವೇಗ ಸೊನ್ನೆಯಾಗಲೇಬೇಕು. ಆ ನಿಲುಗಡೆಗೆ ತೆಗೆದುಕೊಳ್ಳುವ ಕಾಲ ಹೆಚ್ಚಿದಷ್ಟೂ ಎಲುಬಿನ ಮೇಲಿನ ಬಲ ಕಡಿಮೆ. ಸಡಿಲವಾದ ಮಣ್ಣು ತಗ್ಗಿ ಆ ಕಾಲವನ್ನು ಹಿಗ್ಗಿಸುತ್ತದೆ. ಬಿರುಸು ನೆಲ ಹಿಗ್ಗಿಸುವುದಿಲ್ಲ. ಕುಸ್ತಿಯ ಅಖಾಡದ ಕೆಮ್ಮಣ್ಣನ್ನು ಪೈಲವಾನರು ಅಗೆದು, ಹೆಂಟೆಯೊಡೆದು, ಎಣ್ಣೆ ಬೆರೆಸಿ ಹದವಾಗಿಡುವುದರಲ್ಲಿ ಈ ತತ್ತ್ವವೇ ಅಡಗಿದೆ. ಗ್ರೀನ್ ಬೇಯಲ್ಲಿ ವಿದ್ಯುತ್ ಸುರುಳಿಗಳು ಮಾಡಲಾರದುದನ್ನು ನಮ್ಮಲ್ಲಿ ಸನಿಕೆ ಮಾಡುತ್ತದೆ.

ದೇಹದ ಜಮಾಖರ್ಚು

ಎಲ್ಲಕ್ಕಿಂತ ಮುಖ್ಯವಾದುದು ದೇಹ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಉಳಿದುದೆಲ್ಲ ಶಾಖ. ಬಿರುಸಾಗಿ ಓಡುವ ತರುಣನ ದೇಹದಲ್ಲಿ ಗಂಟೆಗೆ 600 ಕಿಲೋಕ್ಯಾಲೊರಿ ಶಾಖ ಹುಟ್ಟುವುದು ಸಾಮಾನ್ಯ. 60 ಕಿಲೋಗ್ರಾಂ ತೂಕದ ದೇಹವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 50 ಕಿಲೋಕ್ಯಾಲೊರಿ ಸಾಕು. ಹುಟ್ಟಿದ ಶಾಖ ಹೊರಹೋಗದೆ ಉಳಿದರೆ ಪ್ರತಿ ಐದು ನಿಮಿಷಕ್ಕೆ ಒಂದು ಡಿಗ್ರಿಯಂತೆ ದೇಹ ಕಾಯುತ್ತದೆ! 37 ಡಿಗ್ರಿಯಿಂದ ಆರಂಭಿಸಿದವನು ಕಾಲು ಗಂಟೆಯಲ್ಲಿ 40ನ್ನು ಮುಟ್ಟುತ್ತಾನೆ.

ಹೀಗಾಗದಿರುವುದು ಶಾಖಕ್ಕೆ ನಾಲ್ಕು ಹೊರದಾರಿಗಳಿರುವುದರಿಂದ: ವಹನ, ಸಂವಹನ, ವಿಕಿರಣ ಮತ್ತು ಬೆವರು ಆವಿಯಾಗುವಿಕೆ. ಚಳಿಯೂರಿನಲ್ಲಿ ಮೊದಲ ಮೂರು ದಾರಿಗಳೂ ಅತಿಯಾಗಿ ತೆರೆದಿರುತ್ತವೆ. ಚರ್ಮಕ್ಕೆ ಅಂಟಿದಂತೆ ತೆಳುವಾದ ಬೆಚ್ಚನೆಯ ಗಾಳಿಯ ಪದರವೊಂದಿರುತ್ತದೆ. ಬೀಸುಗಾಳಿ ಅದನ್ನು ಹೊತ್ತೊಯ್ಯುತ್ತದೆ. ಆದುದರಿಂದಲೇ ಗಾಳಿ ಬೀಸಿದಾಗ ಚಳಿ ಹೆಚ್ಚೆನಿಸುತ್ತದೆ. ಸಿಪಲ್ ಮತ್ತು ಪ್ಯಾಸೆಲ್ ಎಂಬ ವಿಜ್ಞಾನಿಗಳು ಅಂಟಾರ್ಕ್ಟಿಕದಲ್ಲಿ ನೀರು ತುಂಬಿದ ಸಣ್ಣ ಕೊಳವೆ ಎಷ್ಟು ಹೊತ್ತಿನಲ್ಲಿ ಹೆಪ್ಪುಗಟ್ಟುತ್ತದೆಂದು ಅಳೆದು, 1945ರಲ್ಲಿ ಇದಕ್ಕೆ ಲೆಕ್ಕವನ್ನು ಕೊಟ್ಟರು.

ಬಾಗಲಕೋಟೆಯ ಮೇ ತಿಂಗಳ ಮಧ್ಯಾಹ್ನ ಕಥೆ ತಿರುವುಮುರುವು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ 40 ಡಿಗ್ರಿ. ಶಾಖ ಯಾವಾಗಲೂ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹರಿಯುವುದರಿಂದ, ವಹನ ಸಂವಹನಗಳು ಶಾಖವನ್ನು ಹೊರಹಾಕುವ ಬದಲು ಒಳಗೆ ತುಂಬುತ್ತವೆ. ಸೂರ್ಯನ ವಿಕಿರಣವೂ ಸೇರುತ್ತದೆ. ಉಳಿಯುವ ಹೊರದಾರಿ ಒಂದೇ: ಬೆವರು. ನಮ್ಮ ಮನೆಗಳ ಮಣ್ಣಿನ ಹರವಿಯಲ್ಲಿ ನೀರು ತಂಪಾಗುವುದೂ ಇದೇ ರೀತಿ. ಹರವಿಯ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಬೇಕಾದ ಗುಪ್ತೋಷ್ಣವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಓಡುವವನ ಒಂದು ಗಂಟೆಯ ಶಾಖಕ್ಕೆ ಅದು ಹೆಚ್ಚುಕಡಿಮೆ ಸರಿದೂಗುತ್ತದೆ. ಆದರೆ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಲಾಭವಿಲ್ಲ. ಅದು ಮೈಮೇಲೆಯೇ ಆರಬೇಕು. ಕಳೆದುಹೋದ ನೀರನ್ನು ಕುಡಿದು ತುಂಬದಿದ್ದರೆ ಹರವಿಯೇ ಬರಿದಾಗುತ್ತದೆ.

ಮೂರು ಮಾಪಕಗಳು

ಹಾಗಾದರೆ ಉಷ್ಣತಾಮಾಪಕದ ಒಂದು ಅಂಕಿಯನ್ನು ನೋಡಿ ಆಟ ಆಡಬಹುದೇ ಬೇಡವೇ ಎಂದು ಹೇಳಲಾಗದು. 1950ರ ದಶಕದಲ್ಲಿ ಅಮೆರಿಕದ ಸೈನಿಕ ಶಿಬಿರಗಳಲ್ಲಿ ತರಬೇತಿಯ ವೇಳೆ ಬಿಸಿಲಿನ ಆಘಾತಗಳು ಸಂಭವಿಸಿದಾಗ ಒಂದು ಉಪಾಯವನ್ನು ಕಂಡುಕೊಂಡರು. ಮೂರು ಮಾಪಕಗಳನ್ನು ಬಿಸಿಲಿನಲ್ಲಿಡುವುದು: ಬುರುಡೆಗೆ ಒದ್ದೆ ಬಟ್ಟೆ ಸುತ್ತಿದ ಆರ್ದ್ರ ಮಾಪಕ, ಕಪ್ಪು ಬಳಿದ ಟೊಳ್ಳು ತಾಮ್ರದ ಗೋಲದೊಳಗಿನ ಮಾಪಕ, ನೆರಳು ಮಾಡಿದ ಸಾಮಾನ್ಯ ಮಾಪಕ. ಮೊದಲನೆಯದರ ಹತ್ತರಲ್ಲಿ ಏಳು ಭಾಗ, ಎರಡನೆಯದರ ಎರಡು ಭಾಗ, ಮೂರನೆಯದರ ಒಂದು ಭಾಗ ಇವನ್ನು ಕೂಡಿದರೆ ಬರುವ ಮೊತ್ತವೇ ಶಾಖದ ಸೂಚಿ. ಬೆವರು ಆರುವುದೇ ಮುಖ್ಯವಾದುದರಿಂದ ಆರ್ದ್ರ ಮಾಪಕಕ್ಕೆ ಸಿಂಹಪಾಲು.

ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಬಾಗಲಕೋಟೆಯ ಒಣ ಮಧ್ಯಾಹ್ನ: ಗಾಳಿ 40, ಆರ್ದ್ರ ಮಾಪಕ 23, ಕರಿಯ ಗೋಲ 55. ಸೂಚಿ 16.1, 11, 4 ಕೂಡಿ 31.1. ಕರಾವಳಿಯ ಮಂಗಳೂರಿನಲ್ಲಿ ಗಾಳಿ 32, ಆರ್ದ್ರ ಮಾಪಕ 27, ಗೋಲ 45 ಆದರೆ 18.9, 9, 3.2 ಕೂಡಿ ಅದೂ 31.1! ಎಂಟು ಡಿಗ್ರಿ ತಂಪಾದ ಊರೂ ದೇಹಕ್ಕೆ ಅಷ್ಟೇ ಕಠಿಣ. ಕಾಲ್ಚೆಂಡಿನ ಅಂತರರಾಷ್ಟ್ರೀಯ ಸಂಘವು ಸೂಚಿ 32ನ್ನು ಮುಟ್ಟಿದಾಗ ನಡುವೆ ತಂಪು ವಿರಾಮ ಕೊಡಬೇಕೆಂದು ಹೇಳಿದೆ. ಇದು ಪಳಗಿದ ಆಟಗಾರರ ಮಾತು; ಬೆಳೆಯುವ ಮಕ್ಕಳಿಗೆ, ಬಿಸಿಲಿಗೆ ಒಗ್ಗದವರಿಗೆ ಇನ್ನೂ ಕೆಳಗಿನ ಮಿತಿಯೇ ಕ್ಷೇಮ. ಅದೇ ಸಂಘವು ಕತಾರಿನ ವಿಶ್ವಕಪ್ಪನ್ನು ಎಂದಿನ ಜೂನ್ ಜುಲೈಗಳಿಂದ ತೆಗೆದು, 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ನಡೆಸಿದುದು ಬಿಸಿಲಿಗೆ ಅಂಜಿಯೇ.

ಬನದ ಹುಣ್ಣಿಮೆ ಮತ್ತು ಹೊನಲು ಬೆಳಕು

ಬಾದಾಮಿಯ ಹತ್ತಿರದ ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು ಪುಷ್ಯ ಮಾಸದ ಬನದ ಹುಣ್ಣಿಮೆಯಂದು ಎಳೆಯಲ್ಪಡುತ್ತದೆ. ಅಧಿಕ ಮಾಸವು ಚಾಂದ್ರಮಾನವನ್ನು ಋತುಗಳಿಗೆ ಕಟ್ಟಿಹಾಕುವುದರಿಂದ ಈ ಹುಣ್ಣಿಮೆ ಬಹುಮಟ್ಟಿಗೆ ಜನವರಿಯಲ್ಲಿಯೇ ಬೀಳುತ್ತದೆ. ತಿಥಿಯನ್ನು ಗೊತ್ತುಮಾಡಿದವರು ಹವೆಯನ್ನು ಎಣಿಸಿದ್ದರೆಂದು ನಾವು ವಾದಿಸುವುದಿಲ್ಲ, ಫಲವನ್ನಷ್ಟೇ ನೋಡೋಣ. ಜನವರಿಯ ಸಂಜೆಮುಂಚೆ ಗಾಳಿ 29, ಆರ್ದ್ರ ಮಾಪಕ 18, ಗೋಲ 40 ಎಂದಿಟ್ಟುಕೊಂಡರೆ ಸೂಚಿ 23.5. ಸಾವಿರಾರು ಜನ ಒತ್ತೊತ್ತಾಗಿ ನಿಂತು ಹಗ್ಗ ಹಿಡಿದು ಎಳೆಯುವ ಶ್ರಮ ದೇಹಕ್ಕೆ ಹೊರೆಯಾಗದ ಕಾಲವದು. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳನ್ನು ಹತ್ತುವ ಸಾಹಸಿಗಳೂ ಚಳಿಗಾಲವನ್ನೇ ಆರಿಸುತ್ತಾರೆ. ಬೆವರದ ಬೆರಳಿಗೆ ಕಲ್ಲಿನ ಹಿಡಿತ ಚೆನ್ನಾಗಿ ಸಿಗುತ್ತದೆ.

ಬೇಸಗೆಯ ರಜೆಯಲ್ಲಿಯೇ ಪಂದ್ಯಾವಳಿ ನಡೆಸಬೇಕಾದರೆ? ಅದಕ್ಕೂ ನಮ್ಮ ಹಳ್ಳಿಗಳು ಉತ್ತರ ಕಂಡುಕೊಂಡಿವೆ: ಹೊನಲು ಬೆಳಕಿನ ಕಬಡ್ಡಿ. ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ಗಾಳಿ 32, ಆರ್ದ್ರ ಮಾಪಕ 21 ಇದ್ದರೆ, ಸೂರ್ಯನಿಲ್ಲದ್ದರಿಂದ ಗೋಲವೂ 32ರಲ್ಲಿಯೇ ನಿಲ್ಲುತ್ತದೆ. ಸೂಚಿ 24.3; ಜನವರಿಯ ಸಂಜೆಗೆ ಬಹು ಹತ್ತಿರ. ಬಂಡೆಗಳ ಮಡಿಲಿನಲ್ಲಿರುವ ಅಂಗಣಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು. ಹಗಲೆಲ್ಲ ಕಾದ ಕಲ್ಲು ಕತ್ತಲಾದ ಮೇಲೂ ಬಹಳ ಹೊತ್ತು ಶಾಖವನ್ನು ಸೂಸುತ್ತದೆ.

ಮಿತಿ ಮೀರಿದಾಗ

ದೇಹದ ಒಳ ಉಷ್ಣತೆ 40 ಡಿಗ್ರಿಯನ್ನು ದಾಟಿದಾಗ ಮೆದುಳಿನ ಕೆಲಸ ಕೆಡುತ್ತದೆ. ಆಟಗಾರನು ತೊದಲುತ್ತಾನೆ, ದಿಕ್ಕು ತಪ್ಪುತ್ತಾನೆ, ಕುಸಿದು ಬೀಳುತ್ತಾನೆ. ಇದು ದಣಿವಲ್ಲ, ಬಿಸಿಲಿನ ಆಘಾತ. ಇದರಿಂದ ಸಾವು ಬರಬಹುದು. ಮೈ ಬೆವರುತ್ತಿದ್ದರೂ ಇದು ಸಂಭವಿಸಬಹುದೆಂಬುದನ್ನು ಮರೆಯಬಾರದು. ಅಂಥವನನ್ನು ಕೂಡಲೆ ನೆರಳಿಗೆ ತಂದು, ತಣ್ಣೀರಿನ ತೊಟ್ಟಿಯಲ್ಲಿ ತಲೆ ಮೇಲಿರುವಂತೆ ಹಿಡಿದು ಮುಳುಗಿಸಬೇಕು. ತೊಟ್ಟಿಯಿಲ್ಲದಿದ್ದರೆ ಕೊಡಗಟ್ಟಲೆ ನೀರು ಹೊಯ್ದು ಬೀಸಬೇಕು. ಇದರ ನಡುವೆಯೇ ವೈದ್ಯಕೀಯ ನೆರವನ್ನು ಕರೆಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ದೇಹ ಬಿಸಿಲಿಗೆ ಒಗ್ಗುತ್ತದೆಂಬುದು ನಿಜ. ಆದರೆ ಅದಕ್ಕೆ ಹತ್ತರಿಂದ ಹದಿನಾಲ್ಕು ದಿನಗಳ ಕ್ರಮವಾದ ಅಭ್ಯಾಸ ಬೇಕು. ಪರೀಕ್ಷೆ ಮುಗಿಸಿ ಕೋಣೆಯಿಂದ ನೇರವಾಗಿ ಅಂಗಣಕ್ಕೆ ಬಂದ ವಿದ್ಯಾರ್ಥಿಗೆ ಆ ಒಗ್ಗುವಿಕೆ ಇರುವುದಿಲ್ಲ. ಅಂತಹವನು ಛಲದಿಂದ ಆಡಿದಷ್ಟೂ ಅವನ ಸ್ನಾಯುಗಳು ಹೆಚ್ಚು ಶಾಖವನ್ನು ಹುಟ್ಟಿಸುತ್ತವೆ. ಧೈರ್ಯವು ಗುಪ್ತೋಷ್ಣದ ಲೆಕ್ಕವನ್ನು ಬದಲಿಸಲಾರದು.

ಶಾಲೆ ಕಾಲೇಜುಗಳ ವಿಜ್ಞಾನ ಸಂಘಗಳು ಈ ಮೂರು ಮಾಪಕಗಳನ್ನು ಅಲ್ಪ ವೆಚ್ಚದಲ್ಲಿ ಹೊಂದಿಸಬಹುದು. ಅಂಗಣದ ಅಂಚಿನಲ್ಲಿ ಅವನ್ನಿಟ್ಟು, ಅರ್ಧ ಗಂಟೆಗೊಮ್ಮೆ ಅಂಕಿಗಳನ್ನು ಬರೆದು, ಸೂಚಿಯನ್ನು ಕಪ್ಪು ಹಲಗೆಯ ಮೇಲೆ ತೋರಿಸಿದರೆ ಆಟವನ್ನು ಮುಂದೂಡಬೇಕೇ ಬೇಡವೇ ಎಂಬುದನ್ನು ಯಾರ ಹಟವೂ ತೀರ್ಮಾನಿಸಬೇಕಾಗಿಲ್ಲ. ಗ್ರೀನ್ ಬೇಯ ತೀರ್ಪುಗಾರರ ಸೀಟಿಯನ್ನು ಚಳಿಯೇ ನಿಲ್ಲಿಸಿತು. ನಮ್ಮ ಬಿಸಿಲು ಸೀಟಿಯನ್ನು ನಿಲ್ಲಿಸುವುದಿಲ್ಲ. ಬೇಕಾದಾಗ ಅದನ್ನು ಊದಿ ಆಟ ನಿಲ್ಲಿಸುವ ಹೊಣೆ ನಮ್ಮದು.