ಎಂಜಿನ್ನೊಳಗೆ ಬಿದ್ದ ನಾಣ್ಯ

ಹೇಮಾವತಿ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಹೊಳೆಗೊಂದು ನಾಣ್ಯ ಎಸೆದು ಕೈಮುಗಿಯೋರು ನಮ್ಮಲ್ಲಿ ಈಗಲೂ ಇದ್ದಾರೆ. ತಪ್ಪೇನಿಲ್ಲ ಬಿಡಿ, ಹೊಳೆಗೇನೂ ಆಗಲ್ಲ. ಅದೇ ನಾಣ್ಯವನ್ನ ವಿಮಾನದ ಎಂಜಿನ್‌ಗೆ ಹಾಕಿದ್ರೆ? ನಗಬೇಡಿ, ಹಾಕಿದ್ದಾರೆ. 2017ರ ಜೂನ್‌ನಲ್ಲಿ ಚೀನಾದ ಶಾಂಘೈ ನಿಲ್ದಾಣದಲ್ಲಿ 80 ವರ್ಷದ ಅಜ್ಜಿಯೊಬ್ಬರು, ಪ್ರಯಾಣ ಸುಖವಾಗಲಿ ಅಂತ ಎಂಜಿನ್ ಕಡೆಗೆ ಒಂಬತ್ತು ನಾಣ್ಯ ಎಸೆದರು. ಎಂಟು ನೆಲಕ್ಕೆ ಬಿತ್ತು, ಒಂದು ಒಳಗೆ ಹೋಯ್ತು. ಸುಮಾರು 150 ಪ್ರಯಾಣಿಕರನ್ನ ಕೆಳಗಿಳಿಸಿದರು. ವಿಮಾನ ಹೊರಟಿದ್ದು ಐದು ಗಂಟೆಗೂ ಹೆಚ್ಚು ತಡವಾಗಿ.

ಒಂದು ನಾಣ್ಯಕ್ಕೆ ಇಷ್ಟೊಂದಾ ಅಂತೀರಾ? ನಮಗೆ ಹೊರಗಡೆಯಿಂದ ಕಾಣೋದು ಮುಂದಿನ ದೊಡ್ಡ ಫ್ಯಾನ್ ಮಾತ್ರ. ಅದರ ಹಿಂದೆ ಕಂಪ್ರೆಸರ್ ಇದೆ. ಸಾಲು ಸಾಲು ಸಣ್ಣ ಬ್ಲೇಡುಗಳು, ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೀರಿ ಸುತ್ತುತ್ತವೆ. ಅಲ್ಲಿಗೆ ಲೋಹದ ಚೂರು ಹೋದರೆ ಮೊದಲ ಸಾಲಿನ ಬ್ಲೇಡ್ ಮುರಿಯಬಹುದು. ಮುರಿದ ತುಂಡು ಎರಡನೇ ಸಾಲಿಗೆ ಬಡಿಯುತ್ತೆ, ಅಲ್ಲಿ ಮುರಿದದ್ದು ಮೂರನೆಯದಕ್ಕೆ. ಗಾಳಿಯ ಹರಿವು ಕೆಟ್ಟು, ಒತ್ತಿ ತುಂಬಿದ್ದ ಗಾಳಿ ಹಿಮ್ಮುಖವಾಗಿ ನುಗ್ಗಿದಾಗ ಢಂ ಢಂ ಅಂತ ಫಿರಂಗಿ ಸದ್ದು. ಕೆಲವೊಮ್ಮೆ ಬೆಂಕಿಯ ನಾಲಿಗೆಯೂ ಕಾಣುತ್ತೆ. ಇದಕ್ಕೆ ಸರ್ಜ್ ಅಂತಾರೆ.

ಸದ್ದು ಬಂದರೆ ಪೈಲಟ್‌ಗೆ ಗೊತ್ತಾಗುತ್ತೆ. ನನಗೆ ಹೆಚ್ಚು ಭಯ ಹುಟ್ಟಿಸೋದು ಸದ್ದೇ ಇಲ್ಲದ ಏಟು. ಬ್ಲೇಡಿನ ಅಂಚಿಗೆ ಉಗುರಿನಷ್ಟು ಕಚ್ಚು ಬಿದ್ದಿರುತ್ತೆ, ಎಂಜಿನ್ ಓಡ್ತಾನೇ ಇರುತ್ತೆ, ದಿನ ಕಳೆದಂತೆ ಅಲ್ಲಿಂದ ಬಿರುಕು ಬೆಳೆಯುತ್ತೆ. ಅದಕ್ಕೇ ರಿಪೇರಿ ವೇಳೆ ಒಂದು ನಟ್ಟು ಟಣ್ ಅಂತ ಒಳಗೆ ಬಿದ್ದರೂ ಅದು ಸಿಗೋವರೆಗೆ ವಿಮಾನ ಬಿಡಲ್ಲ. ಬೋರೋಸ್ಕೋಪ್ ಅನ್ನೋ ತೆಳ್ಳನೆ ಕ್ಯಾಮೆರಾ ಇಳಿಸಿ ಹುಡುಕ್ತಾರೆ, ಥೇಟ್ ನಮ್ಮ ಹೊಟ್ಟೆಯ ಎಂಡೋಸ್ಕೋಪಿ ಹಾಗೆ. ಅಂದಹಾಗೆ, ನಿಂತ ವಿಮಾನದ ಫ್ಯಾನ್ ಗಾಳಿಗೆ ತಿರುಗುವಾಗ ಟಕ ಟಕ ಅಂದರೆ ಗಾಬರಿ ಬೇಡ. ಅನೇಕ ಎಂಜಿನ್‌ಗಳಲ್ಲಿ ಬ್ಲೇಡುಗಳನ್ನ ಸ್ವಲ್ಪ ಸಡಿಲವಾಗಿಯೇ ಕೂರಿಸಿರ್ತಾರೆ. ವೇಗ ಹೆಚ್ಚಿದಾಗ ತಾವೇ ಬಿಗಿಯಾಗುತ್ತವೆ.

ನಾಣ್ಯ ಎಸೆಯೋರು ಅಪರೂಪ. ಹಕ್ಕಿಗಳು ಹಾಗಲ್ಲ. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹೆಬ್ಬಾತುಗಳು ಬಡಿದು ಎರಡೂ ಎಂಜಿನ್ ಕೈಕೊಟ್ಟವು. ಪೈಲಟ್ ವಿಮಾನವನ್ನ ಹಡ್ಸನ್ ನದಿಗೇ ಇಳಿಸಿದ, 155 ಜನರೂ ಬದುಕಿದರು. ನಮ್ಮಲ್ಲಿ 2023ರಲ್ಲಿ ಏರೋ ಇಂಡಿಯಾಗೆ ಮುನ್ನ ಯಲಹಂಕ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಮಾಂಸದಂಗಡಿ ಮುಚ್ಚಿಸಿದಾಗ ಎಷ್ಟು ಗಲಾಟೆ ಆಯ್ತು! ಕಾರಣ ಹದ್ದು. ಎಸೆದ ಮಾಂಸದ ಚೂರಿಗೆ ಹದ್ದು ಬರುತ್ತೆ, ಹದ್ದು ಎಂಜಿನ್‌ಗೆ ಬರುತ್ತೆ. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನ ಕರೆಯೋ ಥರ ಕಸ ಸುರಿಯಬಾರದು, ಬಯಲಲ್ಲಿ ಪ್ರಾಣಿ ಕಡಿಯಬಾರದು ಅಂತ 1937ರ ವಿಮಾನ ನಿಯಮಗಳಲ್ಲೇ ಇದೆ, 91ನೇ ನಿಯಮ.

ಇದನ್ನ ಹಾಸನದವರಿಗೆ, ದುದ್ದದ ಕಡೆಯವರಿಗೆ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಿಮ್ಮ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕನಸಿದೆಯಲ್ಲ. ವಿಮಾನ ಯಾವಾಗ ಬರುತ್ತೆ ಅಂತ ಎಲ್ಲರೂ ಕೇಳ್ತೀರಿ. ಸುತ್ತಲಿನ ಕೋಳಿ ಅಂಗಡಿಗಳ ಕಸ ಆಗ ಎಲ್ಲಿಗೆ ಹೋಗುತ್ತೆ ಸ್ವಾಮಿ, ಅದನ್ನೂ ಒಮ್ಮೆ ಕೇಳಿ ನೋಡಿ.